ಮುನಿರತ್ನಮ್ಮ ಮಾಡದ ಒಂದು ಗಿಳಿಗೊಂಚಲು

ನಮ್ಮ ಕಡೆ ಯಾರಾದರೂ ಏನೂ ಕೇಳದೆ ಒಂದು ಕೆಲಸ ಮಾಡಿಕೊಟ್ಟರೆ ಸಂತೋಷ ಆಮೇಲೆ, ಅನುಮಾನ ಮೊದಲು. ‘ಇವಳಿಗೇನು ಬಂತು ಇದರಿಂದ?’ ಅಂತ ಮನಸ್ಸು ಮೂಸಿ ನೋಡುತ್ತದೆ. ಮೂಸಿ ನೋಡುತ್ತಲೇ ಕೈ ಚಾಚಿ ತಗೊಳ್ಳುತ್ತದೆ. ಮುನಿರತ್ನಮ್ಮನ ವಿಷಯದಲ್ಲಿ ದೊಡ್ಡಬಳ್ಳಾಪುರದ ನಮ್ಮ ಬೀದಿ ಮಾಡಿದ್ದು ಇದನ್ನೇ. ನಾನೂ ಆ ಬೀದಿಯವನೇ, ಆದ್ದರಿಂದ ಬೈಗುಳದಲ್ಲಿ ನನ್ನ ಪಾಲನ್ನು ಇಟ್ಟುಕೊಂಡೇ ಬರೆಯುತ್ತಿದ್ದೇನೆ.

ಮುನಿರತ್ನಮ್ಮನಿಗೆ ಅರವತ್ತೆರಡು. ಸಾಸಲು ಕಡೆಯ ಹೊಲದ ಮನೆಯ ಹುಡುಗಿ. ಮದುವೆಯಾಗಿ ಇಲ್ಲಿಗೆ ಬಂದಾಗ ರಾಗಿ ಕಳೆ ಕೀಳುವುದು ಬಿಟ್ಟರೆ ಬೇರೆ ಕೆಲಸ ಗೊತ್ತಿರಲಿಲ್ಲ. ಬಂದು ಆರು ತಿಂಗಳಿಗೆ ಅತ್ತೆ ಕೈಹಿಡಿದು ಮಗ್ಗದ ಶೆಡ್ಡಿಗೆ ಕರೆದುಕೊಂಡು ಹೋಗಿ ಕೆಚ್ಚುವ ಕೆಲಸಕ್ಕೆ ಕೂರಿಸಿದಳು. ಕೆಚ್ಚುವುದು ಅಂದರೆ, ಮಗ್ಗದ ಮೇಲೆ ಉದ್ದಕ್ಕೆ ಎಳೆದ ನೂಲಿನ ಹಾಸು ಮುಗಿದಾಗ ಅದರ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಕೂಡಿಸುವುದು. ಸಾವಿರಾರು ಎಳೆ. ಗಂಟು ಹಾಕುವ ಹಾಗಿಲ್ಲ, ಹಾಕಿದರೆ ಹಣಿಗೆಯ ಹಲ್ಲಿಗೆ ಸಿಕ್ಕಿ ಹರಿಯುತ್ತದೆ. ಬೆರಳಿಗೆ ಒಂದಿಷ್ಟು ಒಲೆ ಬೂದಿ ಮುಟ್ಟಿಸಿಕೊಂಡು ಎರಡೂ ತುದಿ ಸೇರಿಸಿ, ಹೆಬ್ಬೆರಳು ತೋರುಬೆರಳ ನಡುವೆ ಒಂದೇ ಸಲ ಹೊಸೆಯಬೇಕು. ಮುಗೀತು. ಎಳೆದರೂ ಬಿಡುವುದಿಲ್ಲ. ಕೂಡಿಸಿದ ಜಾಗದಲ್ಲಿ ಸಾಸಿವೆಯಷ್ಟು ಬೂದಿಬಣ್ಣ ಉಳಿಯುತ್ತದೆ, ಅಷ್ಟೇ. ನಲವತ್ತು ವರ್ಷ ಮುನಿರತ್ನಮ್ಮ ಕೂತು ಹೊಸೆದದ್ದು ಅದನ್ನೇ. ಆಕೆಯ ಬಲಗೈ ತೋರುಬೆರಳಿನ ತುದಿಯಲ್ಲಿ ರೇಖೆ ಅನ್ನೋದೇ ಇಲ್ಲ. ಪಡಿತರ ಅಂಗಡಿಯ ಬೆರಳಚ್ಚು ಮೆಷಿನ್ನು ಆಕೆಯನ್ನು ಮನುಷ್ಯಳೇ ಅಲ್ಲ ಅನ್ನುತ್ತದೆ.

ಶೆಡ್ಡಿನಲ್ಲಿ ಕೆಲಸ ಮುಗಿದ ಮೇಲೆ ಕತ್ತರಿಸಿ ಬಿಟ್ಟ ಎಳೆ ರಾಶಿ ಬೀಳುತ್ತದೆ. ಗೇಣುದ್ದ, ಹೆಚ್ಚೆಂದರೆ ಒಂದೂವರೆ ಗೇಣು. ಅದರಲ್ಲಿ ಮೆಷಿನ್ ಎಣ್ಣೆ ಒರೆಸಿ ಬಿಸಾಡುತ್ತಾರೆ. ಮುನಿರತ್ನಮ್ಮ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬರೋಳು. ಮಗ ಭೀಮರಾಜ್ ಏರ್‌ಪೋರ್ಟಿಗೆ ಗಾಡಿ ಓಡಿಸುತ್ತಾನೆ, ಸೊಸೆ ಮಮತ ಗಾರ್ಮೆಂಟ್ಸಿಗೆ ಹೋಗುತ್ತಾಳೆ, ಮೊಮ್ಮಗಳು ಅಕ್ಷತ ಅಜ್ಜಿಯ ಕೈಯಲ್ಲೇ ಬೆಳೆದವಳು. ಮಗು ಅತ್ತಾಗ ಕೊಡಲಿಕ್ಕೆ ಆಟದ ಸಾಮಾನು ಬೇಕಲ್ಲ? ನೂಲು ಸುತ್ತಿ ಬರುವ ರಟ್ಟಿನ ಕೊಳವೆಗೆ ದಾರ ಸುತ್ತಿ ಎರಡು ಗುಂಡಿ ಅಂಟಿಸಿದರೆ ಗೂಬೆ. ಒಡೆಯದೆ ಉಳಿದ ಹಳೇ ಬಳೆಗೆ ದಾರ ಸುತ್ತಿದರೆ ಬಾಗಿಲಿಗೆ ತೂಗೋ ಚಕ್ರ. ನಾಲ್ಕು ಬೆರಳಿಗೆ ದಾರ ಇಪ್ಪತ್ತು ಸುತ್ತು ಸುತ್ತಿ, ತಲೆ ಕಟ್ಟಿ, ಬುಡ ಕತ್ತರಿಸಿದರೆ ಕುಚ್ಚು. ಕುಚ್ಚು ಸಾಲಾಗಿ ಕಟ್ಟಿದರೆ ತೋರಣ. ಅಂಗಡಿಯಿಂದ ತರೋದು ಏನೂ ಇಲ್ಲ. ಅಂಟು ಸಹ ಮೈದಾ ಗಂಜಿ. ಉದ್ದ ದಾರ ಬೇಕಾದರೆ ಗೇಣುದ್ದದ ತುಂಡುಗಳನ್ನೇ ಬೂದಿ ಮುಟ್ಟಿಸಿ ಹೊಸೆದು ಹೊಸೆದು ಮಾರುಗಟ್ಟಲೆ ಮಾಡೋಳು.

ಅದನ್ನು ಪಕ್ಕದ ಮನೆಯವಳು ನೋಡಿದಳು, ತನ್ನ ಮಗುವಿಗೂ ಒಂದು ಕೇಳಿದಳು. ಅವಳನ್ನು ನೋಡಿ ಇನ್ನೊಬ್ಬಳು. ಮುನಿರತ್ನಮ್ಮನಿಗೆ ಇಲ್ಲ ಅನ್ನೋದು ಬಾರದು. ಕೊಟ್ಟದ್ದಕ್ಕೆ ಪ್ರತಿಯಾಗಿ ಎಂದಾದರೂ ಒಂದು ಹಿಡಿ ಕರಿಬೇವು ಬಂದರೆ ಅದೇ ಹೆಚ್ಚು.

ಹೋದ ವರ್ಷ ಈ ಕೈಯೇ ಅವಳಿಗೆ ಉರುಳಾಯಿತು.

ನಮ್ಮ ಬೀದಿಯ ಅರ್ಧ ಮಕ್ಕಳು ಓದುವುದು ಬೈಪಾಸಿನ ಆಚೆಯ ಒಂದು ಖಾಸಗಿ ಶಾಲೆಯಲ್ಲಿ. ಆರನೇ ಕ್ಲಾಸಿಗೆ ಅಲ್ಲೊಂದು ಪ್ರದರ್ಶನ ಇಟ್ಟರು, ‘ಕಸದಿಂದ ರಸ’ ಅಂತ. ನಿಯಮ ಚೆನ್ನಾಗೇ ಇತ್ತು: ಮನೆಯಲ್ಲಿ ಬಿಸಾಡುವ ವಸ್ತು ಇರಬೇಕು, ಅಂಗಡಿಯಿಂದ ಏನೂ ತರಬಾರದು, ಮಗು ತನ್ನ ಕೈಯಾರೆ ಮಾಡಬೇಕು. ಚೆನ್ನಾಗಿ ಮಾಡಿದ ಒಂದನ್ನು ತಾಲ್ಲೂಕು ಮಟ್ಟಕ್ಕೆ ಕಳಿಸುತ್ತಾರೆ. ಇಂಥದ್ದು ಬಂದಾಗ ನಾವು ಅಪ್ಪ ಅಮ್ಮಂದಿರು ಏನು ಮಾಡುತ್ತೇವೆ ಅಂತ ನಿಮಗೂ ಗೊತ್ತು. ಮಗುವಿಗೆ ಟ್ಯೂಷನ್ ಇದೆ, ಅಬಾಕಸ್ ಇದೆ, ಕರಾಟೆ ಇದೆ. ಕಸ ಹಿಡಿದುಕೊಂಡು ಕೂರಲಿಕ್ಕೆ ಪುರುಸೊತ್ತೆಲ್ಲಿ? ಒಬ್ಬೊಬ್ಬರಾಗಿ ಮುನಿರತ್ನಮ್ಮನ ಮನೆ ಬಾಗಿಲಿಗೆ ಬಂದರು, ಒಬ್ಬರು ಬಂದದ್ದು ಇನ್ನೊಬ್ಬರಿಗೆ ಕಾಣದ ಹಾಗೆ.

ಹಿಟ್ಟಿನ ಮಿಲ್ಲಿನ ಕಾಂತರಾಜು ಬಂದದ್ದು ಬೈಕ್ ಆಫ್ ಮಾಡದೆ. “ಮುನಿರತ್ನಕ್ಕಾ, ನಮ್ಮ ಹುಡುಗನಿಗೆ ಒಂದು ಎತ್ತಿನ ಗಾಡಿ ಮಾಡ್ಕೊಡಕ್ಕಾ. ರಟ್ಟಿಂದೇ ಇರ್ಲಿ. ನೋಡಿದ್ರೆ ಮಕ್ಕಳು ಮಾಡ್ದಂಗೇ ಇರ್ಬೇಕು, ಆದ್ರೆ ಚೆನ್ನಾಗಿರ್ಬೇಕು.”

“ಮಕ್ಕಳು ಮಾಡ್ದಂಗೆ ಇರ್ಬೇಕು ಅಂದ್ರೆ ಮಕ್ಕಳ ಕೈಲೇ ಮಾಡ್ಸು ಕಣಪ್ಪ.”

“ಅವ್ನಾ? ಅವ್ನು ಕತ್ರಿ ಹಿಡಿದ್ರೆ ಪರದೆ ಕತ್ತರಿಸ್ತಾನೆ. ಯಾರ್ಗೂ ಹೇಳ್ಬೇಡ ಅಕ್ಕಾ, ಆಯ್ತಾ?”

ಸೊಸೈಟಿ ಬ್ಯಾಂಕಿನಲ್ಲಿ ಕೆಲಸ ಮಾಡುವ ಪ್ರಮೋದಾ ತನ್ನ ಮಗಳಿಗೆ ಅಂತ ಗಿಳಿಗೊಂಚಲು ಕೇಳಿದಳು. ತೊಟ್ಟಿಲ ಮೇಲೆ ಕಟ್ಟುತ್ತಾರಲ್ಲ, ಬಳೆಯಿಂದ ಐದು ಗಿಳಿ ಇಳಿಬಿದ್ದು ಗಾಳಿಗೆ ಸುತ್ತುವುದು, ಅದು. ಕಾಗದದ ಉಂಡೆಗೆ ಹಸಿರು ರೇಷ್ಮೆ ಎಳೆ ಸುತ್ತಿ ಮೈ, ಹುಣಸೇ ಬೀಜದ ಕೊಕ್ಕು. ನನ್ನ ಹೆಂಡತಿ ನಮ್ಮ ಮಗನಿಗೆ ಗೂಬೆ ತಂದಳು. ತರುವಾಗ ನಾನು ನೋಡಿದೆ. ‘ನೀನೇ ಮಾಡೋ ಲೇ’ ಅಂತ ಮಗನಿಗೆ ಹೇಳಬೇಕು ಅನ್ನಿಸಿತು, ಹೇಳಲಿಲ್ಲ.

ಹೀಗೆ ಹನ್ನೊಂದು ಆಯಿತು. ಎರಡು ವಾರ ಮುನಿರತ್ನಮ್ಮ ಶೆಡ್ಡಿನಿಂದ ಬಂದು ಮಂಡಿ ಮಡಿಸಿದರೆ ಏಳುತ್ತಿರಲಿಲ್ಲ. ಅದೇ ಆರನೇ ಕ್ಲಾಸಿನ ಅಕ್ಷತ ಪಕ್ಕದಲ್ಲಿ ಕೂತು ನೋಡೋಳು. ಎಂಟನೆಯದೋ ಒಂಬತ್ತನೆಯದೋ ಆಗುವಾಗ ಕೇಳಿದಳಂತೆ: “ಅಜ್ಜೀ, ನಂದು?”

“ಮಾಡಾನ ಇರು ಮಗಾ. ಊರೋರದ್ದು ಮುಗೀಲಿ. ನೀನೆಲ್ಲಿಗೆ ಓಡೋಯ್ತೀಯ?”

ಅಜ್ಜಿ ಮಾಡಲಿಲ್ಲ. ಕೊನೇ ದಿನ ಬಂತು, ಪುರುಸೊತ್ತಾಗಲಿಲ್ಲ. “ಈ ಸಲ ಬಿಡು ಮಗಾ” ಅಂದಳು. ಅಕ್ಷತ ಸರಿ ಅಂದಳು. ಅಷ್ಟು ಸುಲಭವಾಗಿ ಸರಿ ಅಂದದ್ದೇ ಅಜ್ಜಿಯ ಮನಸ್ಸಿಗೆ ಚುಚ್ಚಿತು. ‘ಈ ಹುಡುಗಿ ಹಠ ಮಾಡ್ಲಿಲ್ಲ ಅಂದ್ರೆ ಏನೋ ಇಟ್ಕೊಂಡವ್ಳೆ.’ ಅದೂ ಅಲ್ಲದೆ ಒಂದು ವಾರದಿಂದ ಹುಡುಗಿ ಸಾಯಂಕಾಲ ಹಿತ್ತಲ ಸೌದೆ ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಕೇಳಿದರೆ “ಪದ್ಯ ಬಾಯಿಪಾಠ” ಅನ್ನೋಳು. ಪದ್ಯದ ಸದ್ದೇ ಬರುತ್ತಿರಲಿಲ್ಲ.

ಪ್ರದರ್ಶನ ಶುಕ್ರವಾರ. ಅವತ್ತು ಸಾಯಂಕಾಲವೇ ಶಾಲೆಯ ವಾಟ್ಸಾಪ್ ಗ್ರೂಪಿಗೆ ಆರನೇ ಕ್ಲಾಸಿನ ಅನಸೂಯ ಮಿಸ್ ಮೆಸೇಜ್ ಹಾಕಿದರು. ‘ಹನ್ನೆರಡು ಮಕ್ಕಳ ವಸ್ತುಗಳು ಒಬ್ಬರೇ ಮಾಡಿದಂತಿವೆ. ಪೋಷಕರು ನಾಳೆ ಹನ್ನೊಂದಕ್ಕೆ ಕಡ್ಡಾಯವಾಗಿ ಬರಬೇಕು.’

ಗ್ರೂಪಿನಲ್ಲಿ ಮಾತು ಶುರುವಾಯಿತು. ಒಬ್ಬರು, ‘ನಮ್ಮ ಮಗು ರಾತ್ರಿಯೆಲ್ಲ ಕೂತು ಮಾಡಿದೆ.’ ಇನ್ನೊಬ್ಬರು, ‘ಯಾರೋ ಒಬ್ಬರ ಮನೆಯಿಂದ ಸಪ್ಲೈ ಆಗಿದೆ ಅಂತ ಕೇಳಿದೆ.’ ಮತ್ತೊಬ್ಬರು ಅದಕ್ಕೆ ಹೆಬ್ಬೆಟ್ಟು. ಯಾರ ಮನೆ ಅಂತ ಯಾರೂ ಬರೆಯಲಿಲ್ಲ. ಬರೆಯದೆಯೇ ಎಲ್ಲರಿಗೂ ತಿಳಿಯುವ ಹಾಗೆ ಬರೆಯುವುದರಲ್ಲಿ ನಮ್ಮವರು ಪಂಡಿತರು. ಬೀದಿಯಲ್ಲಿ ಮಾತು ಇನ್ನೂ ಮುಂದಕ್ಕೆ ಹೋಗಿತ್ತು. ‘ಬೇಕೂಂತಲೇ ನಮ್ಮ ಮಕ್ಕಳಿಗೆ ಸಾಧಾರಣದ್ದು ಮಾಡ್ಕೊಟ್ಟು, ಮೊಮ್ಮಗಳಿಗೆ ಒಳ್ಳೇದು ಮಾಡ್ಕೊಂಡವ್ಳೆ. ಇಲ್ದಿದ್ರೆ ಯಾರು ಬಿಟ್ಟಿ ಮಾಡ್ಕೊಡ್ತಾರೆ?’ ಅಂತ ಹಾಲಿನ ಬೂತಿನ ಹತ್ತಿರ ಒಬ್ಬಳು ಅಂದದ್ದನ್ನು ಕಿವಿಯಾರೆ ಕೇಳಿದೆ. ಅವಳ ಮನೆಯ ಬಾಗಿಲಿಗೆ ಮುನಿರತ್ನಮ್ಮನ ತೋರಣ ಎರಡು ವರ್ಷದಿಂದ ತೂಗುತ್ತಿದೆ.

ಮುನಿರತ್ನಮ್ಮನಿಗೆ ವಾಟ್ಸಾಪ್ ಇಲ್ಲ. ಮಿಸ್ಸೇ ಫೋನ್ ಮಾಡಿದರು. “ನಿಮ್ಮ ಮೊಮ್ಮಗಳು ಗಿಳಿಗೊಂಚಲು ತಂದಿಟ್ಟಿದ್ದಾಳಮ್ಮ. ಅದು ನಿಮ್ಮ ಕೈಯದು. ಉಳಿದವರಿಗೂ ತಂದು ಹಂಚಿದ್ದು ಇವಳೇ ಅಂತ ಮಕ್ಕಳು ಹೇಳ್ತಿದ್ದಾರೆ. ಸೋಮವಾರ ಪ್ರೇಯರ್‌ನಲ್ಲಿ ಇವಳು ಎಲ್ಲರ ಮುಂದೆ ಕ್ಷಮಾಪಣೆ ಓದಬೇಕು.”

ಮುನಿರತ್ನಮ್ಮನಿಗೆ ಕೇಳಿಸಿದ್ದು ಒಂದೇ, ಗಿಳಿಗೊಂಚಲು. ತಾನು ಗಿಳಿಗೊಂಚಲು ಮಾಡಿದ್ದು ಒಂದೇ ಒಂದು, ಪ್ರಮೋದಾಳ ಮಗಳಿಗೆ. ಬುಟ್ಟಿಯಲ್ಲಿ ಸೀರೆ ಮುಚ್ಚಿ ಇಟ್ಟಿದ್ದಳು, ಬಂದವರು ತಾವೇ ಎತ್ತಿಕೊಂಡು ಹೋಗಿದ್ದರು. ಹಾಗಾದರೆ ಹುಡುಗಿ ಬುಟ್ಟಿಗೆ ಕೈ ಹಾಕಿದ್ದಾಳೆ. ಬೇರೆಯವರದ್ದನ್ನು ಎತ್ತಿಕೊಂಡು ಹೋಗಿ ತನ್ನದು ಅಂತ ಇಟ್ಟಿದ್ದಾಳೆ.

“ಎಲ್ಲಿಂದ ತಂದೆಯೇ ಆ ಗಿಳೀನ?”

ಅಕ್ಷತ ನೆಲ ನೋಡಿದಳು.

“ಬಾಯಿ ಬಿಡೇ. ಬುಟ್ಟೀಲಿಂದ ತಗೊಂಡ್ಯಾ?”

“ಇಲ್ಲ.”

“ಮತ್ತೆ ನೀನು ಮಾಡಿದ್ಯಾ?”

ಅದಕ್ಕೆ ಹುಡುಗಿ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಕೈ ಎರಡನ್ನೂ ಬೆನ್ನ ಹಿಂದೆ ಇಟ್ಟುಕೊಂಡು ನಿಂತಳು. ಮುನಿರತ್ನಮ್ಮ ಕಿವಿ ಹಿಡಿದು ತಿರುವಿದಳು. ಕಳ್ಳತನದ ಮಾತಿಗೆ ಆ ಮನೆಯಲ್ಲಿ ಅದು ಮೊದಲನೇ ಸಲ.

ಶನಿವಾರ ಹನ್ನೊಂದಕ್ಕೆ ನಾವೆಲ್ಲ ಶಾಲೆಯ ಹಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕೂತಿದ್ದೆವು. ಮಗ ಸೊಸೆ ಇಬ್ಬರಿಗೂ ಡ್ಯೂಟಿ, ಆದ್ದರಿಂದ ಬಂದದ್ದು ಮುನಿರತ್ನಮ್ಮ. ಕೊನೇ ಸಾಲಿನಲ್ಲಿ ಮೊಮ್ಮಗಳ ಪಕ್ಕ ಕೂತಳು, ನಡುವೆ ಒಂದು ಕುರ್ಚಿ ಬಿಟ್ಟು. ಅಜ್ಜಿ ಮೊಮ್ಮಗಳ ನಡುವಿನ ಆ ಖಾಲಿ ಕುರ್ಚಿಯನ್ನು ಎಲ್ಲರೂ ನೋಡಿದರು. ಬೇರೆ ಯಾರೂ ಆಕೆಗೆ ನಮಸ್ಕಾರ ಹೇಳಲಿಲ್ಲ. ಹೇಳಿದರೆ ಪರಿಚಯ ಇದೆ ಅಂತ ಆಗುತ್ತದಲ್ಲ!

ಮುಂದಿನ ಮೇಜಿನ ಮೇಲೆ ಹನ್ನೆರಡು ವಸ್ತು ಸಾಲಾಗಿ ಇದ್ದವು. ಗಿಳಿಗೊಂಚಲು ಎರಡು ಇದ್ದವು, ಒಂದರ ಪಕ್ಕ ಒಂದು.

ಮುನಿರತ್ನಮ್ಮ ಅದನ್ನು ನೋಡಿ ಕಣ್ಣು ಕಿರಿದು ಮಾಡಿದಳು. ಎರಡು ಹೇಗೆ?

ಅನಸೂಯ ಮಿಸ್ ಎದ್ದು ನಿಂತರು. ಮೂವತ್ತರ ಒಳಗಿನ ಹುಡುಗಿ, ಆದರೆ ಕಣ್ಣು ಪೊಲೀಸಿನವರದ್ದು. “ನಮ್ಮಮ್ಮನೂ ಕೆಚ್ಚೋ ಕೆಲಸ ಮಾಡ್ತಿದ್ರು. ನಾನು ಶೆಡ್ಡಲ್ಲೇ ಹೋಂವರ್ಕ್ ಬರೆದೋಳು. ಈ ಹನ್ನೆರಡರಲ್ಲೂ ದಾರಕ್ಕೆ ಒಂದು ಗಂಟಿಲ್ಲ. ಗೇಣಿಗೊಂದು ಬೂದಿ ಚುಕ್ಕೆ ಇದೆ. ಆರನೇ ಕ್ಲಾಸಿನ ಹನ್ನೆರಡು ಮಕ್ಕಳಿಗೆ ಇದು ಬರತ್ತಾ? ನೀವೇ ಹೇಳಿ.”

ಹೆಡ್ ಮಾಸ್ಟರ್ ಸಿದ್ದರಾಜು ಮೀಸೆ ಉಜ್ಜಿಕೊಂಡು, “ಉಳಿದ ಪೋಷಕರಿಗೆ ಇದು ಗೊತ್ತಿರಲಿಕ್ಕಿಲ್ಲ. ಮಕ್ಕಳು ಮಕ್ಕಳಲ್ಲೇ ಏನೋ ಕೊಟ್ಟು ತಗೊಂಡು ಮಾಡಿರ್ತವೆ” ಅಂದರು. ನೋಡಿ, ದೊಡ್ಡವರಿಗೆ ತಪ್ಪಿಸಿಕೊಳ್ಳಲು ಬಾಗಿಲು ಎಷ್ಟು ಬೇಗ ತೆರೆಯುತ್ತದೆ. ಕಾಂತರಾಜು ತಕ್ಷಣ ಆ ಬಾಗಿಲಲ್ಲಿ ನುಗ್ಗಿದ. “ಹೌದು ಸಾರ್. ನಮ್ಮ ಹುಡುಗ ಮಾಡಿದ್ದು ಅಂತಲೇ ನಾನಂದ್ಕೊಂಡಿದ್ದೆ.”

ಮುನಿರತ್ನಮ್ಮ ಅವನನ್ನೇ ನೋಡಿದಳು. ಅವನು ಮೊಬೈಲ್ ನೋಡಿದ.

ಆಕೆ ಎದ್ದಳು. “ಮಿಸ್ಸಮ್ಮಾ, ಆ ಗಿಳೀನ ಒಂದ್ಸಲ ಮುಟ್ಲಾ?”

ಮೇಜಿನ ಹತ್ತಿರ ಹೋಗಿ ಮೊದಲನೇ ಗೊಂಚಲಿನ ದಾರವನ್ನು ಬೆರಳಲ್ಲಿ ಹಿಡಿದಳು. ಬಿಟ್ಟಳು. ಎರಡನೆಯದನ್ನು ಹಿಡಿದಳು. ಹಿಡಿದವಳು ಬಿಡಲಿಲ್ಲ. ಕನ್ನಡಕ ಇಲ್ಲ, ಕಣ್ಣು ಆ ಕಡೆಯೇ ಇಲ್ಲ, ಕಿಟಕಿಯ ಆಚೆ ಎಲ್ಲೋ ನೋಡುತ್ತಾ ಬೆರಳಲ್ಲೇ ಗೇಣು ಗೇಣು ದಾರ ಸವರಿಕೊಂಡು ಹೋದಳು. ಅವಳ ಮುಖ ಬಿಳಿಚಿಕೊಂಡಿತು. ನಾವೆಲ್ಲ ಸಿಕ್ಕಿಬಿದ್ದ ಕಳ್ಳಿಯ ಮುಖ ಅಂದುಕೊಂಡೆವು.

“ಇದು ನಂದಲ್ಲ” ಅಂದಳು.

ಕಾಂತರಾಜು ನಕ್ಕ. “ಅಕ್ಕಾ, ನಿಂದಲ್ದೆ ಇನ್ಯಾರ್ದು?”

“ಉಳಿದ ಹನ್ನೊಂದೂ ನಂದೇ. ನಾನೇ ಮಾಡಿದ್ದು. ಯಾರ್ಯಾರು ಬಂದು ಕೇಳಿದ್ರು ಅಂತ ನಾನು ಹೇಳಾಕಿಲ್ಲ, ಅವ್ರವ್ರಿಗೆ ಗೊತ್ತು. ಈ ಮಗ ಯಾರ್ಗೂ ಏನೂ ಹಂಚ್ಲಿಲ್ಲ. ಇದು ಮಾತ್ರ ನಂದಲ್ಲ.”

ಆಗ ಪ್ರಮೋದಾ ಕೇಳಿದ ಮಾತಿಗೆ ಹಾಲ್ ಪೂರ್ತಿ ತಲೆಯಾಡಿಸಿತು. ನಿಜ ಹೇಳುತ್ತೇನೆ, ನನ್ನ ತಲೆಯೂ ಆಡಿತು. “ಊರ ಮಕ್ಕಳಿಗೆಲ್ಲ ಮಾಡ್ಕೊಟ್ಟೋರು ಸ್ವಂತ ಮೊಮ್ಮಗಳಿಗೆ ಮಾಡ್ಕೊಡಲ್ಲ ಅಂದ್ರೆ ಯಾರು ನಂಬ್ತಾರೆ ಹೇಳಿ?”

ಇದ್ದ ಒಂದೇ ಉತ್ತರವನ್ನು ಹೇಳಲು ಮುನಿರತ್ನಮ್ಮನಿಗೆ ನಾಲಗೆ ಏಳುತ್ತಿರಲಿಲ್ಲ. ಮೊಮ್ಮಗಳ ಕಡೆ ನೋಡಿದಳು. ಹುಡುಗಿಯ ಕೈ ಇನ್ನೂ ಬೆನ್ನ ಹಿಂದೆಯೇ ಇತ್ತು.

ಆಮೇಲೆ ಮೆಲ್ಲಗೆ ಅಂದಳು: “ಇದು ಎಡಹುರಿ ಕಣವ್ವ.”

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಲಗೈಯವರು ಹೊಸೆದರೆ ಹುರಿ ಒಂದು ಕಡೆಗೆ ತಿರುಗುತ್ತದೆ, ಎಡಗೈಯವರು ಹೊಸೆದರೆ ಇನ್ನೊಂದು ಕಡೆಗೆ. ನಮ್ಮ ಕಡೆ ಮನೆಯ ಬಳಕೆಗೆ, ದೇವರಿಗೆ, ಮದುವೆಗೆ ಬಲಹುರಿಯೇ. ಎಡಹುರಿ ಹಗ್ಗ ಹೊಸೆಯುವುದು ಹೆಣ ಕಟ್ಟಲಿಕ್ಕೆ, ಚಟ್ಟಕ್ಕೆ. ಮುನಿರತ್ನಮ್ಮನ ಮನೆಯಲ್ಲಿ ಅಕ್ಷತ ಹುಟ್ಟಾ ಎಡಚಿ. ಅನ್ನಕ್ಕೂ ಬರವಣಿಗೆಗೂ ಹೊಡೆದು ಬಡಿದು ಬಲಗೈಗೆ ತಿರುಗಿಸಿದ್ದರು, ಹಾಗಾಗಿ ಶಾಲೆಗೆ ಗೊತ್ತೇ ಇರಲಿಲ್ಲ. ಆದರೆ ದಾರ ಹಿಡಿದರೆ ಎಡಗೈಯೇ ಮುಂದೆ ಬರುತ್ತಿತ್ತು. ಆರು ವರ್ಷದವಳಿದ್ದಾಗ ಒಂದು ದಿನ ಅಜ್ಜಿಯ ಹಾಗೆ ಹೊಸೆಯಲು ಕೂತಿದ್ದಕ್ಕೆ ಅಜ್ಜಿ ಕೈ ಮೇಲೆ ಫಟಾರ್ ಅಂತ ಬಾರಿಸಿ, “ಹೆಣದ ದಾರ ಹೊಸೀತೀಯೇನೇ? ಇನ್ನೊಂದ್ಸಲ ಮುಟ್ಟಿದ್ರೆ ನೋಡು” ಅಂದಿದ್ದಳು. ಅಂದಿನಿಂದ ಹುಡುಗಿ ಬರೀ ನೋಡೋಳು. ಸೌದೆ ಮನೆಯ ಬಾಗಿಲು ಹಾಕಿಕೊಂಡಿದ್ದು ಇದಕ್ಕೇ. ಮಿಸ್ ಕೇಳಿದರೂ, ಅಜ್ಜಿ ಕಿವಿ ತಿರುವಿದರೂ ಬಾಯಿ ಬಿಡದೇ ಇದ್ದದ್ದು ಇದಕ್ಕೇ. ನಾನೇ ಮಾಡಿದೆ ಅಂದರೆ ಯಾವ ಕೈಲಿ ಅನ್ನೋ ಪ್ರಶ್ನೆ ಬರುತ್ತದೆ.

ಬಾಯಿ ಬಿಡುವ ಮುಂಚೆ ಅಜ್ಜಿಗೂ ಇದ್ದದ್ದು ಅದೇ ಇಕ್ಕಟ್ಟು. ಸುಮ್ಮನಿದ್ದರೆ ಮೊಮ್ಮಗಳು ಕಳ್ಳಿ. ಹೇಳಿದರೆ ಹುಡುಗಿ ಬಚಾವು, ಆದರೆ ತೊಟ್ಟಿಲಿಗೆ ಚಟ್ಟದ ಹುರಿ ಕಟ್ಟಿದವಳು. ಇದರಲ್ಲಿ ಯಾವುದನ್ನು ಬೀದಿ ಬೇಗ ಮರೆಯುತ್ತದೆ ಅಂತ ನನ್ನನ್ನು ಕೇಳಬೇಡಿ.

“ಅಯ್ಯೋ, ತೊಟ್ಟಿಲ ಗೊಂಚಲಿಗೆ ಎಡಹುರೀನಾ?” ಪ್ರಮೋದಾ ಕೈ ಹಿಂದಕ್ಕೆ ಎಳೆದುಕೊಂಡಳು, ಮುಟ್ಟಿರಲೇ ಇಲ್ಲ, ಆದರೂ.

ಅನಸೂಯ ಮಿಸ್ ಎರಡೂ ಗೊಂಚಲನ್ನು ಕಿಟಕಿಯ ಬೆಳಕಿಗೆ ಒಯ್ದರು. ಒಂದರ ಹುರಿ ಬಿಚ್ಚಿದರು, ಇನ್ನೊಂದರ ಹುರಿ ಬಿಚ್ಚಿದರು. ಒಂದು ಈ ಕಡೆಗೆ ಬಿಚ್ಚಿಕೊಂಡರೆ ಇನ್ನೊಂದು ಆ ಕಡೆಗೆ.

“ಬೇಕೂಂತ ಎಡಕ್ಕೆ ಹೊಸ್ದಿರ್ಬೋದಲ್ಲಾ ಮಿಸ್?” ಕಾಂತರಾಜುವಿನ ಬುದ್ಧಿ ಇಂಥದ್ದಕ್ಕೆ ಚೂಪು.

“ನಲವತ್ತು ವರ್ಷದ ಬೆರಳು ಹಿಂದಕ್ಕೆ ತಿರುಗತ್ತಾ ಕಾಂತರಾಜ್? ನಿಮ್ಮ ಮಿಲ್ಲನ್ನ ಹಿಂದಕ್ಕೆ ಓಡಿಸಿ ಹಿಟ್ಟು ತನ್ನಿ ನೋಡೋಣ.” ಅಂದು, ಅದೇ ಬಿಚ್ಚಿದ ಎಳೆಗಳಲ್ಲಿ ಎರಡನ್ನು ಕಿತ್ತು ಅಕ್ಷತಳ ಮುಂದೆ ಹಿಡಿದರು. “ತಗೋ. ಕೂಡಿಸು.”

ಹುಡುಗಿ ದಾರ ತಗೊಳ್ಳಲಿಲ್ಲ. ಅಜ್ಜಿಯನ್ನು ನೋಡಿದಳು. ಇಡೀ ಹಾಲ್ ಅಜ್ಜಿಯನ್ನು ನೋಡಿತು.

ಮುನಿರತ್ನಮ್ಮ ಮೊಮ್ಮಗಳ ಹತ್ತಿರ ಬಂದು ನಿಂತಳು. “ಮಾಡು ಮಗಾ.”

“ಯಾವ ಕೈಲಿ?”

“ನಿನ್ನ ಕೈಲಿ.”

ಬೂದಿ ಇರಲಿಲ್ಲ. ಅಕ್ಷತ ಕರಿಹಲಗೆಯ ಕೆಳಗಿನ ಪಟ್ಟಿಯಲ್ಲಿ ಎಡಗೈ ಬೆರಳು ಒರೆಸಿದಳು, ಸೀಮೆಸುಣ್ಣದ ಪುಡಿ ಹತ್ತಿತು. ಎರಡು ತುದಿ ಸೇರಿಸಿದಳು, ಒಂದೇ ಸಲ ಹೊಸೆದಳು, ಮಿಸ್ ಕೈಗೆ ಕೊಟ್ಟಳು. ಮಿಸ್ ಎಳೆದರು. ಇನ್ನೂ ಜೋರಾಗಿ ಎಳೆದರು. ಬಿಡಲಿಲ್ಲ.

“ಎಡಹುರಿ” ಅಂದರು ಮಿಸ್.

ಯಾರೂ ಚಪ್ಪಾಳೆ ಹೊಡೆಯಲಿಲ್ಲ, ಅಂಥ ಜನ ನಾವಲ್ಲ. ನಾನು ಎದ್ದು, “ಆ ಮೂಲೆಯ ಗೂಬೆ ನಮ್ಮ ಮನೆಯದು, ಮಾಡಿದ್ದು ಮುನಿರತ್ನಮ್ಮ” ಅಂದೆ. ಹೇಳಬೇಕಾದ್ದು ಅರ್ಧ ಗಂಟೆ ಮೊದಲು. ಗೆದ್ದ ಮೇಲೆ ಗೆದ್ದವರ ಕಡೆ ನಿಲ್ಲುವುದಕ್ಕೆ ಯಾವ ಧೈರ್ಯವೂ ಬೇಡ. ನನ್ನ ನಂತರ ಇನ್ನೊಬ್ಬರು ಎದ್ದರು, ಬೀದಿಯ ಕೊನೇ ಮನೆಯ ಮುನಿರಾಮಯ್ಯ; ಅವರದ್ದು ತೋರಣವಂತೆ. ಉಳಿದ ಒಂಬತ್ತು ಜನ ಸೀಲಿಂಗ್ ಫ್ಯಾನು ನೋಡುತ್ತಾ ಕೂತಿದ್ದರು.

ಹೆಡ್ ಮಾಸ್ಟರ್ ತೀರ್ಪು ಕೊಟ್ಟರು: ಅಕ್ಷತ ಕ್ಷಮಾಪಣೆ ಓದಬೇಕಾಗಿಲ್ಲ. ಹನ್ನೊಂದು ವಸ್ತುಗಳನ್ನು ಪಟ್ಟಿಯಿಂದ ತೆಗೆಯಲಾಗುವುದು. “ಇನ್ನು ಆ ಗಿಳಿ... ಒಳ್ಳೇದೇ. ಆದ್ರೆ ತಾಲ್ಲೂಕಿಗೆ ಕಳಿಸಿ, ಅಲ್ಲಿ ಯಾರಾದ್ರೂ ತಿಳಿದೋರು ಎಡಹುರಿ ಅಂದ್ಬಿಟ್ರೆ? ಶಾಲೆಗೆ ಕೆಟ್ಟ ಹೆಸರು. ಯಾಕೆ ಬೇಕು?”

“ತಾಲ್ಲೂಕಿಗೆ ಕಳಿಸೋ ಕಾಗದಕ್ಕೆ ನಾನು ಸೈನ್ ಹಾಕ್ತೀನಿ ಸಾರ್” ಅಂದರು ಅನಸೂಯ ಮಿಸ್. “ಅನುಮಾನಪಟ್ಟು ಮೆಸೇಜ್ ಹಾಕಿದೋಳೂ ನಾನೇ. ಸೋಮವಾರ ಪ್ರೇಯರ್‌ನಲ್ಲಿ ಕ್ಷಮಾಪಣೆ ಯಾರಾದ್ರೂ ಓದ್ಬೇಕಲ್ಲ? ನಾನು ಓದ್ತೀನಿ.”

ಸೋಮವಾರ ಮಿಸ್ ಓದಿದರು. ಎರಡೇ ಸಾಲು. ಅಕ್ಷತ ಇರಲಿಲ್ಲ, ಅವತ್ತು ಶಾಲೆಗೇ ಬಂದಿರಲಿಲ್ಲ. ಗ್ರೂಪಿನಲ್ಲಿ ಯಾರೂ ಒಂದಕ್ಷರ ಹಾಕಲಿಲ್ಲ. ಸಾಯಂಕಾಲ ಹಾಲಿನ ಬೂತಿನ ಹತ್ತಿರ ಹೊಸ ಮಾತು ಓಡಾಡುತ್ತಿತ್ತು: ಆ ಮನೆಯಿಂದ ತಂದದ್ದನ್ನೆಲ್ಲ ಒಮ್ಮೆ ನೋಡಿಕೊಳ್ಳಿ, ಯಾವುದು ಯಾವ ಹುರಿಯೋ. ಎರಡು ಮನೆಯ ಬಾಗಿಲಿಂದ ತೋರಣ ಇಳಿಯಿತು. ತಿಪ್ಪೆಯಲ್ಲಿ ಬಿದ್ದಿದ್ದ ಒಂದನ್ನು ನಾನೇ ಎತ್ತಿ ನೋಡಿದೆ, ಮುನಿರತ್ನಮ್ಮನ ಅಚ್ಚುಕಟ್ಟು ಬಲಹುರಿ. ನೋಡುವ ಕಷ್ಟವನ್ನೂ ತಗೊಳ್ಳದೆ ಬಿಸಾಡಿದ್ದರು.

ಅದನ್ನು ಹಿಡಿದುಕೊಂಡೇ ಮುನಿರತ್ನಮ್ಮನ ಮನೆಗೆ ಹೋದೆ. ಆಕೆ ಹೊಸಿಲ ಮೇಲೆ ಕೂತಿದ್ದಳು. ಒಳಗೆ ಹುಡುಗಿ ನೋಟ್‌ಬುಕ್ಕಿಗೆ ರಟ್ಟು ಹಾಕುತ್ತಿದ್ದಳು.

“ಇಸ್ಕೂಲಿಗೆ ಯಾಕೆ ಕಳಿಸ್ಲಿಲ್ಲ ಅಕ್ಕಾ?”

“ಅವ್ಳೇ ಹೋಗ್ಲಿಲ್ಲ. ನಿನ್ನೆಯಿಂದ ನನ್ನ ಕೂಡ ಮಾತಿಲ್ಲ.” ದನಿ ತಗ್ಗಿಸಿದಳು. “ಒಂದೇ ಒಂದು ಮಾತು ಕೇಳಿದ್ಲು ಕಣಪ್ಪ. ‘ಅಜ್ಜೀ, ನಾನು ಕದ್ದಿಲ್ಲ ಅಂತ ನಿಂಗೆ ಯಾವಾಗ ಗೊತ್ತಾಯ್ತು?’ ಅಂತ.”

“ಏನಂದೆ?”

“ಏನನ್ಲಿ? ದಾರ ಕೈಗೆ ಸಿಕ್ದಾಗ ಅಂದೆ. ‘ಅದಕ್ಕೆ ಮುಂಚೆ?’ ಅಂದ್ಲು.” ಮುನಿರತ್ನಮ್ಮ ರೇಖೆಯಿಲ್ಲದ ಬೆರಳನ್ನು ಉಜ್ಜಿಕೊಂಡಳು. “ಸುಳ್ಳು ಹೇಳಕಾಯ್ತದಾ? ಕದ್ದಿದ್ದೀಯ ಅಂದ್ಕೊಂಡಿದ್ದೆ ಮಗಾ ಅಂದೆ.”

ಇಡೀ ಬೀದಿಗೆ ಅನುಮಾನ ಇತ್ತು, ಆದರೆ ಆ ಹುಡುಗಿ ಲೆಕ್ಕಕ್ಕೆ ಹಿಡಿದದ್ದು ಒಬ್ಬಳದ್ದನ್ನು ಮಾತ್ರ.

ಒಳಗಿನಿಂದ ಅಕ್ಷತ ಕೂಗಿದಳು, ನನಗಲ್ಲ, ಅಜ್ಜಿಗೂ ಅಲ್ಲ ಅನ್ನುವ ಹಾಗೆ, ಗೋಡೆಗೆ ಹೇಳಿದ ಹಾಗೆ: “ನಾಳೆ ಹೋಗ್ತೀನಿ. ಯಾರೂ ಬಿಡೋಕೆ ಬರೋದು ಬೇಡ.”

ಹುಡುಗಿ ಹುಟ್ಟಿದಾಗಿನಿಂದ ಮುನಿರತ್ನಮ್ಮ ಅವಳನ್ನು ಎಲ್ಲಿಗೂ ಒಬ್ಬಳೇ ಬಿಟ್ಟವಳಲ್ಲ. ಬೈಪಾಸ್ ದಾಟಬೇಕು, ಲಾರಿಗಳು.

ಮಂಗಳವಾರ ಬೆಳಿಗ್ಗೆ ಬೈಪಾಸಿನ ಹತ್ತಿರ ನಾನು ಮಗನನ್ನು ಬಿಡಲು ಹೋಗಿದ್ದೆ. ಅಕ್ಷತ ಒಬ್ಬಳೇ ನಿಂತು ಲಾರಿ ಹೋಗಲಿ ಅಂತ ಕಾಯುತ್ತಿದ್ದಳು, ಬ್ಯಾಗು ಎಡ ಹೆಗಲಿಗೆ. ನೂರು ಹೆಜ್ಜೆ ಹಿಂದೆ, ಟೀ ಅಂಗಡಿಯ ಬೋರ್ಡಿನ ಮರೆಯಲ್ಲಿ, ಮುನಿರತ್ನಮ್ಮ ನಿಂತಿದ್ದಳು. ಹುಡುಗಿ ರಸ್ತೆ ದಾಟಿದಳು. ಆ ಕಡೆ ಹೋಗಿ, ತಿರುಗದೆಯೇ, ಜೋರಾಗಿ ಅಂದಳು:

“ನಿನ್ನ ನೋಡಿದೆ ಅಜ್ಜಿ. ಇನ್ನು ಹೋಗು.”